ಟ್ರಂಕಿನೊಳಗಿನ ಗ್ರಂಥಾಲಯ ಮತ್ತು ಅನುದಾನದ ಅರ್ಜಿ

ಕೆಲವು ವರ್ಷಗಳ ಹಿಂದೆ ಸಂಶೋಧನಾ ಅನುದಾನವೊಂದಕ್ಕೆ ಅರ್ಜಿ ತುಂಬುತ್ತ ಕೂತಿದ್ದೆ. ಹೆಸರು, ಊರು, ಓದು, ಜಾತಿ ಪ್ರಮಾಣಪತ್ರ ಎಲ್ಲ ಮುಗಿದು ಏಳನೇ ಕಾಲಮಿಗೆ ಬಂದಾಗ ಕೈ ನಿಂತಿತು. 'ನೀವು ಬಳಸಲಿರುವ ಸಂಗ್ರಹ ಯಾವ ಗ್ರಂಥಾಲಯದಲ್ಲಿದೆ? ಕ್ಯಾಟಲಾಗಿನ ವಿವರ ಕೊಡಿ' ಎಂದಿತ್ತು. ನಾನು ಕೆಲಸ ಮಾಡಬೇಕೆಂದಿದ್ದುದು ಎಪ್ಪತ್ತು, ಎಂಬತ್ತರ ದಶಕಗಳ ದಲಿತ ಚಳವಳಿಯ ಕರಪತ್ರ, ಹಾಡಿನ ಪುಸ್ತಕ, ಸೈಕ್ಲೋಸ್ಟೈಲ್ ಹಾಳೆಗಳ ಮೇಲೆ. ಅವು ಇದ್ದದ್ದು ನಮ್ಮ ದೊಡ್ಡಪ್ಪನ ತಗಡಿನ ಟ್ರಂಕಿನಲ್ಲಿ. ಗ್ರಂಥಾಲಯದ ಹೆಸರಿನ ಜಾಗದಲ್ಲಿ ಟ್ರಂಕು ಅಂತ ಬರೆಯುವುದು ಹೇಗೆ? ಖಾಲಿ ಬಿಟ್ಟೆ. 'ಆಕರಗಳ ಲಭ್ಯತೆ ಸ್ಪಷ್ಟವಿಲ್ಲ' ಎಂಬ ಒಂದು ಸಾಲಿನೊಡನೆ ಅರ್ಜಿ ವಾಪಸು ಬಂತು.

ದೊಡ್ಡಪ್ಪನಿಗೆ ಹೇಳಿದಾಗ ಅವನು ನಕ್ಕ. 'ಅಲ್ಲ ಕಣ್ ಮಗ, ಲೈಬ್ರರಿಯೋರು ನಮ್ ಕಾಗ್ದನ ಯಾವತ್ತು ಕೇಳಿದ್ರು? ಪೋಲೀಸ್ನೋರು ಮಾತ್ರ ಕೇಳ್ಕೊಂಡ್ ಬತ್ತಿದ್ರು' ಅಂದ.

ಈ ಲೇಖನ ಆ ಏಳನೇ ಕಾಲಮಿನ ಕುರಿತು. ಪುಸ್ತಕ ಚರಿತ್ರೆ, ಗ್ರಂಥ ಸಂಗ್ರಹಗಳ ಅಧ್ಯಯನಕ್ಕೆ ಎಲ್ಲಿಂದ ಹಣ ಸಿಗುತ್ತದೆ, ಅದು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ, ನಮ್ಮಂಥವರು ಅದನ್ನು ಹೇಗೆ ಪಡೆಯಬಹುದು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳಲು ಯತ್ನಿಸುತ್ತೇನೆ.

ಪುಸ್ತಕ ಚರಿತ್ರೆ ಎಂದರೆ ಸಾಹಿತ್ಯ ಚರಿತ್ರೆಯಲ್ಲ. ಕೃತಿಯಲ್ಲಿ ಏನಿದೆ ಎಂಬುದಕ್ಕಿಂತ ಅದನ್ನು ಯಾರು ಅಚ್ಚು ಹಾಕಿದರು, ಕಾಗದಕ್ಕೆ ದುಡ್ಡು ಕೊಟ್ಟವರು ಯಾರು, ಎಲ್ಲಿ ಮಾರಿದರು, ಯಾರು ಓದಿದರು, ಓದು ಬಾರದವರು ಹೇಗೆ ಕೇಳಿಸಿಕೊಂಡರು, ಕೊನೆಗೆ ಯಾರು ಕಾಪಾಡಿದರು ಎಂದು ಕೇಳುವ ವಿದ್ಯೆ ಇದು. ಕರ್ತೃತ್ವ, ಓದು, ಪ್ರಕಾಶನಗಳ ಚರಿತ್ರೆಗೆಂದೇ 'ಶಾರ್ಪ್' ಎಂಬ ಅಂತಾರಾಷ್ಟ್ರೀಯ ಸಂಘ 1991ರಲ್ಲಿ ಹುಟ್ಟಿತು. ದಲಿತ ವಿಮರ್ಶೆಗೆ ಈ ಪ್ರಶ್ನೆಗಳು ಹೊರಗಿನವಲ್ಲ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಆಡಿದ ಬೂಸಾ ಮಾತನ್ನು ನಾವು ಸಾಹಿತ್ಯದ ಮೌಲ್ಯದ ಪ್ರಶ್ನೆಯಾಗಿ ಚರ್ಚಿಸಿದ್ದೇವೆ. ಆ ಗಲಾಟೆಯ ದಿನಗಳಲ್ಲಿ ಪರವಾಗಿ, ವಿರೋಧವಾಗಿ ಹೊರಟ ಕರಪತ್ರಗಳು ಯಾವ ಪ್ರೆಸ್ಸಿನಿಂದ ಬಂದವು, ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೇಗೆ ಹೋದವು ಎಂದು ಎಷ್ಟು ಜನ ಕೇಳಿದ್ದೇವೆ? 1975ರಲ್ಲಿ ಬಂದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಗ್ಗೆ ಬೇಕಾದಷ್ಟು ವಿಮರ್ಶೆಯಿದೆ. ಅದರ ಪದ್ಯಗಳು ಪುಸ್ತಕದಿಂದ ಬಾಯಿಗೆ, ಬಾಯಿಂದ ಮತ್ತೆ ಊರೂರಿನ ಹಾಡಿನ ಹಾಳೆಗೆ ಸಾಗಿದ ದಾರಿಯ ಬಗ್ಗೆ ಇರುವುದು ಕಡಿಮೆ. ಆ ದಾರಿಯ ಪುರಾವೆ ಇರುವುದು ಟ್ರಂಕುಗಳಲ್ಲಿ.

ಹಾಗಾದರೆ ಗ್ರಂಥಾಲಯಗಳಲ್ಲಿ ಇರುವುದೇನು? ಸಂಗ್ರಹ ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಕಾನೂನು ಮತ್ತು ಹಣ ಎರಡೂ ಬೇಕು. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಅಚ್ಚಾದ ಪುಸ್ತಕದ ಪ್ರತಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕಿತ್ತು. ಬ್ರಿಟಿಷರಿಗೆ ದೇಶೀ ಅಚ್ಚಿನ ಮೇಲೆ ಕಣ್ಣಿಡಬೇಕಿತ್ತು. ಆ ಕಣ್ಗಾವಲಿನ ಫಲವಾಗಿಯೇ ಅನೇಕ ಹಳೆಯ ಭಾರತೀಯ ಪುಸ್ತಕಗಳು ಲಂಡನ್ನಿನಲ್ಲಿ ಉಳಿದಿವೆ. ಸ್ವಾತಂತ್ರ್ಯಾನಂತರ 1954ರ ಕಾಯಿದೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೂ ಪ್ರತಿ ಕಳಿಸುವುದನ್ನು ಪ್ರಕಾಶಕರ ಕರ್ತವ್ಯ ಮಾಡಿತು. 1962ರಿಂದ, ಅಮೆರಿಕದಿಂದ ಬಂದ ಗೋಧಿಗೆ ನಮ್ಮ ಸರ್ಕಾರ ಕೊಟ್ಟ ರೂಪಾಯಿಯಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಇಲ್ಲಿನ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹಂಚಿತು. ಪಿ.ಎಲ್. 480 ಎಂದು ನಾವು ರೇಷನ್ ಗೋಧಿಯ ಜೊತೆ ನೆನೆಯುವ ಯೋಜನೆಯೇ ಇದು. ಕನ್ನಡ ಪುಸ್ತಕಗಳೂ ಹಾಗೆ ಸಮುದ್ರ ದಾಟಿದವು.

ಈ ಮೂರೂ ಜರಡಿಗಳಲ್ಲಿ ನಿಲ್ಲಬೇಕಾದರೆ ಪುಸ್ತಕಕ್ಕೆ ಪ್ರಕಾಶಕ, ವಿಳಾಸ, ಬೆಲೆ, ಒಬ್ಬ ಮಾರಾಟಗಾರ ಇರಬೇಕು. ರಾತ್ರೋರಾತ್ರಿ ಅಚ್ಚಾಗಿ ಬೆಳಿಗ್ಗೆ ಜಾಥಾದಲ್ಲಿ ಹಂಚಿಹೋದ ಹಾಳೆಗೆ ಇವು ಯಾವುವೂ ಇರಲಿಲ್ಲ. ಅದು ಜಾರಿಹೋಯಿತು. ಆದ್ದರಿಂದ 'ಸಂಗ್ರಹದಲ್ಲಿಲ್ಲ' ಎಂದರೆ 'ಇರಲೇ ಇಲ್ಲ' ಎಂದಲ್ಲ. ಆದರೆ ಅನುದಾನದ ಅರ್ಜಿಗಳು ಎರಡನ್ನೂ ಒಂದೇ ಎಂದು ಓದುತ್ತವೆ.

ಹಣ, ಗ್ರಂಥಾಲಯ, ಜಾತಿ ಈ ಮೂರರ ಗಂಟು ಬಾಬಾಸಾಹೇಬರ ಬದುಕಿನಲ್ಲಿ ಎದ್ದು ಕಾಣುತ್ತದೆ. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಇಲ್ಲದಿದ್ದರೆ ಅವರು ಕೊಲಂಬಿಯಾ ಸೇರುತ್ತಿರಲಿಲ್ಲ. ವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಸಾಮಾನು ಪುಸ್ತಕಗಳು ಯುದ್ಧದಲ್ಲಿ ಮುಳುಗಿಹೋದವು. 1920ರಲ್ಲಿ ಅವರು ಮತ್ತೆ ಲಂಡನ್ನಿಗೆ ಹೋದದ್ದು ತಮ್ಮ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಸಾಲದಿಂದ. ಮುಂದೆ ಅವರು ದಾದರಿನಲ್ಲಿ ಕಟ್ಟಿಸಿದ ರಾಜಗೃಹ ಪುಸ್ತಕಗಳಿಗಾಗಿಯೇ ಕಟ್ಟಿದ ಮನೆ ಎಂದು ಹೆಸರಾಯಿತು. ನಮ್ಮ ಕಾಲದ ವಿದ್ಯಾರ್ಥಿವೇತನಗಳನ್ನು ನೋಡುವಾಗ ಇದು ನೆನಪಿರಬೇಕು.

ಈಗ ಸಿಗುವ ಹಣವನ್ನು ನಾನು ಮೂರು ಬಗೆಯಾಗಿ ನೋಡುತ್ತೇನೆ.

ಮೊದಲನೆಯದು, ಹೋಗಿ ಕೂತು ಓದುವ ಹಣ. ಅಮೆರಿಕ, ಇಂಗ್ಲೆಂಡಿನ ದೊಡ್ಡ ಗ್ರಂಥಾಲಯಗಳು ಮತ್ತು 1904ರಲ್ಲಿ ಶುರುವಾದ ಅಮೆರಿಕದ ಬಿಬ್ಲಿಯೊಗ್ರಾಫಿಕಲ್ ಸೊಸೈಟಿಯಂಥ ಸಂಘಗಳು ಕೊಡುವ ಕಿರು ಫೆಲೋಶಿಪ್‌ಗಳು ಈ ಬಗೆಯವು. ಇಂಥ ಸಂಗ್ರಹದ ಇಂಥ ಪೆಟ್ಟಿಗೆ ನೋಡಬೇಕು ಎಂದು ನಿಖರವಾಗಿ ಬರೆದರೆ ಅರ್ಜಿಗೆ ಬಲ. ಮಿಶನರಿ ಪ್ರೆಸ್ಸುಗಳ ಬಗ್ಗೆ, ದಲಿತ ಕ್ರೈಸ್ತರ ಓದಿನ ಬಗ್ಗೆ, ವಸಾಹತು ಕಾಲದ ಪುಸ್ತಕ ಪಟ್ಟಿಗಳ ಬಗ್ಗೆ ಕೆಲಸ ಮಾಡುವವರಿಗೆ ಇದು ನಿಜಕ್ಕೂ ಉಪಯುಕ್ತ. ಪೂರ್ಣ ಪದವಿಗೆ ಹೊರದೇಶಕ್ಕೆ ಹೋಗುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಆದರೆ 2022ರಲ್ಲಿ ಅದರ ನಿಯಮಕ್ಕೆ ಒಂದು ಷರತ್ತು ಸೇರಿತು: ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜಗಳ ಮೇಲಿನ ಸಂಶೋಧನೆಗೆ ಈ ವೇತನ ಇಲ್ಲ. ಎಂದರೆ ಪರಿಶಿಷ್ಟ ಜಾತಿಯ ಹುಡುಗಿಯೊಬ್ಬಳು ಸರ್ಕಾರದ ಹಣದಲ್ಲಿ ಹೋಗಿ ಫ್ರಾನ್ಸಿನ ಪುಸ್ತಕ ಚರಿತ್ರೆ ಓದಬಹುದು, ತನ್ನ ಕೇರಿಯದನ್ನು ಓದುವಂತಿಲ್ಲ! ಅರ್ಜಿ ಹಾಕುವವರು ಆ ವರ್ಷದ ನಿಯಮಾವಳಿಯನ್ನು ಮೊದಲು ಓದಿಕೊಳ್ಳಬೇಕು, ಉಳಿದವರು ಈ ಷರತ್ತನ್ನು ಪ್ರಶ್ನಿಸುವುದನ್ನು ಬಿಡಬಾರದು.

ಎರಡನೆಯದು, ಬದುಕಿಕೊಂಡು ಓದುವ ಹಣ. ಪಿಎಚ್.ಡಿ. ಮಾಡುವವರಿಗೆ ಯುಜಿಸಿಯ ಜೆಆರ್‌ಎಫ್, ಮತ್ತು 2005–06ರಲ್ಲಿ ರಾಜೀವ್ ಗಾಂಧಿ ಹೆಸರಿನಲ್ಲಿ ಆರಂಭವಾಗಿ ಈಗ ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಫೆಲೋಶಿಪ್ ಎನಿಸಿಕೊಂಡಿರುವ ಯೋಜನೆ. 2023ರ ಪರಿಷ್ಕರಣೆಯಲ್ಲಿ ಜೆಆರ್‌ಎಫ್ ದರ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಆಯಿತು. ಇಲ್ಲಿ ಯಾವ ಗ್ರಂಥಾಲಯ ಎಂದು ಯಾರೂ ಕೇಳುವುದಿಲ್ಲ, ವಿಷಯ ನಮ್ಮದೇ. ಆದರೆ ಇದು ವ್ಯಕ್ತಿಯನ್ನು ಸಾಕುವ ಹಣ. ಕ್ಯಾಮೆರಾ ಕೊಳ್ಳಲು, ಹತ್ತು ಊರು ತಿರುಗಲು, ಗೆದ್ದಲು ಹಿಡಿದ ಕಾಗದ ಉಳಿಸಲು ಸಾಲದು.

ಮೂರನೆಯದು, ಉಳಿಸುವ ಹಣ. ನಮಗೆ ಮುಖ್ಯವಾದದ್ದು ಇದು ಎಂದು ನನ್ನ ವಾದ. ಬ್ರಿಟಿಷ್ ಲೈಬ್ರರಿಯ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ 2004ರಲ್ಲಿ ಆರ್ಕೇಡಿಯಾ ನಿಧಿಯ ನೆರವಿನಿಂದ ಶುರುವಾಯಿತು. ನಾಶದ ಅಂಚಿನಲ್ಲಿರುವ ಸಂಗ್ರಹ ಎಲ್ಲಿದೆಯೋ ಅಲ್ಲೇ ಅದರ ಡಿಜಿಟಲ್ ಪ್ರತಿ ತೆಗೆಯುವುದು ಇದರ ಕ್ರಮ, ಮೂಲ ಪ್ರತಿ ದೇಶ ಬಿಟ್ಟು ಹೋಗುವುದಿಲ್ಲ. ಮೊದಲು ಸಮೀಕ್ಷೆಗೊಂದು ಸಣ್ಣ ಅನುದಾನ, ಆಮೇಲೆ ದೊಡ್ಡದು. ಆದರೆ ಇವರ ಆಸಕ್ತಿ ಇಪ್ಪತ್ತನೇ ಶತಮಾನದ ನಡುಭಾಗಕ್ಕಿಂತ ಹಿಂದಿನ ಸಾಮಗ್ರಿಯಲ್ಲಿ. ನಮ್ಮಲ್ಲಿ ಅಂಥದ್ದು ಇಲ್ಲ ಎಂದುಕೊಳ್ಳಬೇಡಿ. ಪಂಡಿತ ಅಯೋತಿದಾಸರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ 'ತಮಿಳನ್' ಪತ್ರಿಕೆಗೆ ಕೋಲಾರ ಚಿನ್ನದ ಗಣಿಯಲ್ಲಿ ಓದುಗರ ಬಳಗವಿತ್ತು. ಅವರ ಬರಹಗಳ ಕಿರುಹೊತ್ತಿಗೆಗಳು ಮುಂದೆ ಅಚ್ಚಾದದ್ದು ಅದೇ ಗಣಿಯ ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪ್ರೆಸ್ಸಿನಲ್ಲಿ. ಗಣಿಗೆ ಇಳಿಯುವವರು ಕಟ್ಟಿದ ಓದುವ ಲೋಕ ಕರ್ನಾಟಕದ ನೆಲದಲ್ಲೇ ಇತ್ತು. ಇಂಥ ಕಡೆ ಮನೆಮನೆ ಹುಡುಕುವ ಸಮೀಕ್ಷೆಗೆ ಈ ಅನುದಾನ ಸರಿಹೊಂದುತ್ತದೆ.

ಎಪ್ಪತ್ತರ ದಶಕದ ಕರಪತ್ರಕ್ಕೆ ಬೇರೆ ಬಾಗಿಲು ತಟ್ಟಬೇಕು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ 2018ರಲ್ಲಿ, ಅದೇ ಆರ್ಕೇಡಿಯಾ ಹಣದಿಂದ, ಇಪ್ಪತ್ತು ಮತ್ತು ಇಪ್ಪತ್ತೊಂದನೇ ಶತಮಾನದ ಸಾಮಗ್ರಿಗೆಂದೇ ಮಾಡರ್ನ್ ಎಂಡೇಂಜರ್ಡ್ ಆರ್ಕೈವ್ಸ್ ಪ್ರೋಗ್ರಾಂ ಶುರು ಮಾಡಿತು. ಕರಪತ್ರ, ಪೋಸ್ಟರ್, ಕ್ಯಾಸೆಟ್, ಫೋಟೋ ಎಲ್ಲ ಇದರೊಳಗೆ ಬರುತ್ತವೆ. ಅರ್ಜಿ ಕರೆ ಹೊರಟಿದೆಯೇ ಎಂದು ನೋಡಿಕೊಂಡು ಮುಂದುವರಿಯಬೇಕು. ನಮ್ಮ ನಡುವೆಯೇ, ಬೆಂಗಳೂರಿನಲ್ಲಿ, 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ. ಕಲೆ ಮತ್ತು ಸಂಸ್ಕೃತಿಯ ಸಂಶೋಧನೆಗೆ ಅದು ಹಣ ಕೊಡುತ್ತದೆ. ಕನ್ನಡದಲ್ಲೇ ಪ್ರಸ್ತಾವ ಬರೆಯಬಹುದು. ಇಂಗ್ಲಿಷಿನ ಭಯದಿಂದ ಅರ್ಜಿಯನ್ನೇ ಹಾಕದ ಗೆಳೆಯರಿಗಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೊರದೇಶದ ಹಣಕ್ಕೊಂದು ತೊಡಕಿದೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ವಿದೇಶಿ ದೇಣಿಗೆ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ, ನೋಂದಣಿ ಇರುವ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹೀಗಾಗಿ ನಮ್ಮ ಊರಿನ ಸಂಘ ನೇರವಾಗಿ ಅರ್ಜಿ ಹಾಕಲಾರದು, ಯಾವುದಾದರೂ ವಿಶ್ವವಿದ್ಯಾಲಯವೋ ಸಂಸ್ಥೆಯೋ ಮುಂದೆ ನಿಲ್ಲಬೇಕು. ಅಲ್ಲಿ ಯಜಮಾನಿಕೆಯ ಪ್ರಶ್ನೆ ಬರುತ್ತದೆ. ಟ್ರಂಕು ನಮ್ಮದು, ಹೆಸರು ಅವರದು ಆಗಬಾರದು. ಆದ್ದರಿಂದ ಕೈಹಾಕುವ ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ: ಮೂಲ ಪ್ರತಿ ಯಾರ ಬಳಿ ಇರುತ್ತದೆ, ಡಿಜಿಟಲ್ ಪ್ರತಿ ಊರಿಗೆ ಎಷ್ಟು ಬರುತ್ತದೆ, ಕ್ಯಾಟಲಾಗಿನಲ್ಲಿ ಕಾಪಾಡಿದವರ ಹೆಸರು ಹೇಗೆ ನಮೂದಾಗುತ್ತದೆ, ಕೆಲಸ ಮಾಡಿದ ಮನೆಯವರಿಗೆ ಕೂಲಿ ಎಷ್ಟು. ಕೂಲಿಯನ್ನು ಬಜೆಟ್ಟಿನಲ್ಲಿ ನಾಚಿಕೆಯಿಲ್ಲದೆ ತೋರಿಸಿ.

ಇನ್ನು ಅರ್ಜಿ ಬರೆಯುವ ಬಗೆ. ಮೊದಲ ಸಲ ನಾನು ಮಾಡಿದ ತಪ್ಪು, ಚಳವಳಿಯ ಮಹತ್ವದ ಬಗ್ಗೆ ನಾಲ್ಕು ಪುಟ ಬರೆದು ಕಾಗದದ ಬಗ್ಗೆ ನಾಲ್ಕು ಸಾಲೂ ಬರೆಯದೆ ಇದ್ದದ್ದು. ಹಣ ಕೊಡುವವರಿಗೆ ಎಷ್ಟು ಹಾಳೆ, ಯಾವ ಅಳತೆ, ಯಾವ ಭಾಷೆ, ಯಾವ ವರ್ಷ, ಯಾವ ಸ್ಥಿತಿ ಎಂದು ಗೊತ್ತಾಗಬೇಕು. ಮೊಬೈಲಿನಲ್ಲಿ ಇಪ್ಪತ್ತು ಫೋಟೋ ತೆಗೆದು ಒಂದು ಪಟ್ಟಿ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಎರಡನೆಯದಾಗಿ, ಗ್ರಂಥಾಲಯಗಳಲ್ಲಿ ಹುಡುಕಿ ಸಿಗದಿದ್ದುದನ್ನು ಮುಚ್ಚಿಡಬೇಡಿ. ಯಾವ ಯಾವ ಕ್ಯಾಟಲಾಗ್ ನೋಡಿದಿರಿ, ಏನು ಸಿಗಲಿಲ್ಲ ಎಂದು ದಾಖಲಿಸಿ. ಆ ಗೈರುಹಾಜರಿಯೇ ಅನುದಾನ ಬೇಕೆಂಬುದಕ್ಕೆ ಪುರಾವೆ. ಮೂರನೆಯದು ಹಕ್ಕು. ನಮ್ಮ ಕಾಯಿದೆಯಲ್ಲಿ ಕೃತಿಸ್ವಾಮ್ಯ ಲೇಖಕ ತೀರಿದ ನಂತರ 60 ವರ್ಷ, ಅನಾಮಿಕ ಬರಹಕ್ಕೆ ಪ್ರಕಟಣೆಯಿಂದ 60 ವರ್ಷ. ಹಾಗಾಗಿ 1974ರ ಹೆಸರಿಲ್ಲದ ಕರಪತ್ರವೂ ಇನ್ನೂ ಮುಕ್ತವಲ್ಲ. ಅಂದಿನ ಪದಾಧಿಕಾರಿಗಳಿಂದ ಲಿಖಿತ ಒಪ್ಪಿಗೆ ಪಡೆಯಿರಿ. ನಾಲ್ಕನೆಯದು, ಎಲ್ಲವನ್ನೂ ಲೋಕಕ್ಕೆ ತೆರೆದಿಡಬಾರದು. ದೌರ್ಜನ್ಯದ ವಿರುದ್ಧದ ಕರಪತ್ರಗಳಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳ ಹೆಸರು, ಊರು ಇರುತ್ತವೆ. ಅದನ್ನು ಪ್ರಕಟಿಸುವುದನ್ನು ಕಾನೂನೇ ತಡೆಯುತ್ತದೆ. ಕಾನೂನು ತಡೆಯದಿದ್ದರೂ ನಾವು ತಡೆಯಬೇಕು. ಆಕೆಯ ಮೊಮ್ಮಕ್ಕಳು ಇವತ್ತು ಅದೇ ಊರಿನಲ್ಲಿದ್ದಾರೆ.

'ಪರರ ದುಡ್ಡಿನಲ್ಲಿ ನಮ್ಮ ಚರಿತ್ರೆಯೇ?' ಎಂದು ಚಳವಳಿಯ ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೆದ್ದಲಿಗೆ ಸಿದ್ಧಾಂತ ಗೊತ್ತಿಲ್ಲ. ಯಾರ ಹಣ ಎಂಬುದರ ಜೊತೆಗೆ ಯಾವ ಕರಾರು ಎಂದೂ ಕೇಳೋಣ. ಹಾಗೆಯೇ ಅನುದಾನ ಬರಲಿ ಎಂದು ಕಾಯುತ್ತ ಕೂರುವುದೂ ಬೇಡ. ಪಟ್ಟಿ ಮಾಡಲು ಒಂದು ನೋಟ್‌ಬುಕ್ ಸಾಕು.

ಎರಡನೇ ಅರ್ಜಿಗೆ ಮುಂಚೆ ನಾನೂ ದೊಡ್ಡಪ್ಪನೂ ಮೂರು ದಿನ ಕೂತು ಟ್ರಂಕನ್ನು ಪಟ್ಟಿ ಮಾಡಿದೆವು. ಒಟ್ಟು 214 ಹಾಳೆ. ಒಂದು ಕರಪತ್ರದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಬರೆದಿತ್ತು: ಅಚ್ಚಿನ ಖರ್ಚು ಇಷ್ಟು, ಕೊಟ್ಟವರು ಇಂತಿಂಥವರು, ಒಬ್ಬರದು ಎರಡು ರೂಪಾಯಿ, ಒಬ್ಬರದು ಎಂಟಾಣೆ, ದುಡ್ಡಿಲ್ಲದ ಒಬ್ಬಾಕೆಯದು ಎರಡು ಸೇರು ರಾಗಿ. ದೊಡ್ಡಪ್ಪ ಒಂದೊಂದೇ ಹೆಸರು ಓದಿ, 'ಇವ್ಳು ಹೋದ್ಲು, ಇವ್ನೂ ಹೋದ' ಅನ್ನುತ್ತಿದ್ದ.

ಹೊಸ ಅರ್ಜಿಯಲ್ಲಿ 'ಈ ಕೆಲಸಕ್ಕೆ ಈ ಹಿಂದೆ ಬೇರೆ ಯಾರಾದರೂ ಹಣ ನೀಡಿದ್ದಾರೆಯೇ?' ಎಂಬ ಕಾಲಂ ಇತ್ತು. ಹೌದು ಎಂದು ಬರೆದು ಆ ಲೆಕ್ಕದ ಪ್ರತಿಯನ್ನು ಲಗತ್ತಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಪಟ್ಟಿಯ ಒಂದು ಪ್ರತಿ ಊರಿನ ಅಂಬೇಡ್ಕರ್ ಭವನದಲ್ಲಿದೆ, ಬಂದವರು ನೋಡಬಹುದು.