ನೀರಿನ ಮನೆಗೆ ಎಂಥ ನೆಲ?

ಕಾಲು ಕಡಿದುಹೋದರೆ ಕೆಲವು ತಿಂಗಳಲ್ಲಿ ಹೊಸ ಕಾಲನ್ನು ಬೆಳೆಸಿಕೊಳ್ಳುವ ಪ್ರಾಣಿಯೊಂದುಂಟು. ಬಾಲ, ಬೆನ್ನುಹುರಿ, ಹೃದಯದ ಒಂದು ಭಾಗ, ಮಿದುಳಿನ ಕೆಲವು ಅಂಶಗಳು ಕೂಡ ಗಾಯಗೊಂಡರೆ ಅದರ ದೇಹದಲ್ಲಿ ಮತ್ತೆ ಮೂಡಬಲ್ಲವು. ವಿಜ್ಞಾನಿಗಳನ್ನು ಒಂದೂವರೆ ಶತಮಾನದಿಂದ ಬೆರಗುಗೊಳಿಸುತ್ತ ಬಂದಿರುವ ಇಂಥ ಪ್ರಾಣಿಯ ಜೀವ ತೆಗೆಯಲು ಕಡಲೆಕಾಳಿನ ಗಾತ್ರದ ನಾಲ್ಕಾರು ಕಲ್ಲುಗಳು ಸಾಕೆಂದರೆ ವಾಚಕರಿಗೆ ನಂಬುವುದು ಕಷ್ಟವಾದೀತು. ಆದರೂ ಅದು ನಿಜ. ಆ ಕಲ್ಲುಗಳನ್ನು ತಂದು ಹಾಕುವವರು ಅದರ ಶತ್ರುಗಳೇನೂ ಅಲ್ಲ; ತೊಟ್ಟಿ ಅಂದವಾಗಿ ಕಾಣಲೆಂದು ಪ್ರೀತಿಯಿಂದ ಬಣ್ಣದ ಕಲ್ಲುಗಳನ್ನು ಹರಡುವ ಮನೆಯವರೇ!

ಈ ಪ್ರಾಣಿಯ ಹೆಸರು ಆಕ್ಸೊಲಾಟಲ್. ಇದು ಸಾಲಮಾಂಡರ್ ಎಂಬ ಉಭಯಚರಗಳ ಗುಂಪಿಗೆ ಸೇರಿದ್ದು. ಕಪ್ಪೆಗೆ ದೂರದ ನೆಂಟ. ಕಪ್ಪೆಯ ಮರಿ ಬೆಳೆದಂತೆ ಬಾಲವನ್ನೂ ಕಿವಿರುಗಳನ್ನೂ ಕಳೆದುಕೊಂಡು ದಡವನ್ನೇರುತ್ತದೆ. ಆಕ್ಸೊಲಾಟಲ್ ಹಾಗಲ್ಲ. ತಲೆಯ ಇಕ್ಕೆಲಗಳಲ್ಲಿ ಗರಿಗಳಂತೆ ಹರಡಿದ ಬಾಲ್ಯದ ಕಿವಿರುಗಳನ್ನು ಬಿಡದೆ, ಬದುಕಿರುವವರೆಗೂ ನೀರಿನಲ್ಲಿಯೇ ಉಳಿದು, ಆ ರೂಪದಲ್ಲಿಯೇ ಸಂತಾನವನ್ನೂ ಪಡೆಯುತ್ತದೆ. ಪೂರ್ಣ ಬೆಳೆದಾಗ ಸಾಮಾನ್ಯವಾಗಿ 20ರಿಂದ 30 ಸೆಂಟಿಮೀಟರ್ ಉದ್ದವಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬಾಳುತ್ತದೆ. ಸದಾ ಮುಗುಳ್ನಗುವಂತೆ ಕಾಣುವ ಇದರ ಮುಖವೇ ಇದನ್ನು ಅನೇಕ ದೇಶಗಳ ಮನೆಮನೆಗಳ ಗಾಜಿನ ತೊಟ್ಟಿಗೆ ತಂದಿದೆ.

ಕೆಸರಿನ ತವರು

ಮೆಕ್ಸಿಕೊ ನಗರದ ದಕ್ಷಿಣ ಭಾಗದಲ್ಲಿರುವ ಸೊಚಿಮಿಲ್ಕೊ ಸರೋವರವೂ ಅದರ ನೆರೆಯ ಚಾಲ್ಕೊ ಸರೋವರವೂ ಆಕ್ಸೊಲಾಟಲಿನ ತವರು. ಕಾಲಕ್ರಮದಲ್ಲಿ ಚಾಲ್ಕೊ ಸರೋವರದ ನೀರನ್ನು ಬಸಿದುಬಿಟ್ಟರು. ಸೊಚಿಮಿಲ್ಕೊದಲ್ಲಿ ಇಂದು ಉಳಿದಿರುವುದು ಬಹುಮಟ್ಟಿಗೆ ಕಾಲುವೆಗಳ ಜಾಲ ಮಾತ್ರ. ಊರಿನ ಕೊಳಕು ನೀರು ಒಂದು ಕಡೆ, ಹೊರಗಿನಿಂದ ತಂದು ಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳು ಇನ್ನೊಂದು ಕಡೆ; ಇವೆರಡರ ನಡುವೆ ಸಿಕ್ಕಿ ಅದರ ಸಂತತಿ ಕ್ಷೀಣಿಸಿತು. 1998ರಲ್ಲಿ ಎಣಿಕೆ ಮಾಡಿದಾಗ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್‌ಗಳಿದ್ದವು. 2014ರ ಎಣಿಕೆಯಲ್ಲಿ ಆ ಸಂಖ್ಯೆ ಸುಮಾರು 36ಕ್ಕೆ ಇಳಿದಿತ್ತು. 2021ರಲ್ಲಿ ಮೆಕ್ಸಿಕೊದ ಕೇಂದ್ರ ಬ್ಯಾಂಕು ತನ್ನ 50 ಪೆಸೊ ನೋಟಿನ ಮೇಲೆ ಇದರ ಚಿತ್ರವನ್ನು ಅಚ್ಚುಹಾಕಿ ಗೌರವಿಸಿತು. ಆದರೆ ನೋಟಿನಲ್ಲಿ ಕಾಣುವಷ್ಟು ಸುಲಭವಾಗಿ ಅದು ಕಾಲುವೆಯಲ್ಲಿ ಕಾಣಸಿಗದು.

ತವರಿನಲ್ಲಿ ಅಳಿಯುತ್ತಿರುವ ಈ ಜೀವ ಪರದೇಶದ ತೊಟ್ಟಿಗಳಲ್ಲಿ ಮಾತ್ರ ಹೇರಳವಾಗಿದೆ. 1864ರಲ್ಲಿ ಪ್ಯಾರಿಸಿನ ವಿಜ್ಞಾನಿ ಆಗಸ್ಟ್ ಡ್ಯುಮೆರಿಲ್ ಅವರ ಕೈಸೇರಿದ ಆರು ಆಕ್ಸೊಲಾಟಲ್‌ಗಳು ಅಲ್ಲಿ ಮರಿ ಮಾಡಿದವು. ಅವುಗಳ ವಂಶ ಯೂರೋಪಿನ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು. ಸರೋವರದ ಕೆಸರಿನಿಂದ ಗಾಜಿನ ಮನೆಗೆ ಬಂದ ಈ ಅತಿಥಿಗೆ ನಾವು ಹಾಸಿಕೊಡುವ ನೆಲ ಎಂಥದಿರಬೇಕೆಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ.

ಅಗಿಯದೆ ನುಂಗುವ ಬಾಯಿ

ಆಕ್ಸೊಲಾಟಲಿಗೆ ಹಲ್ಲುಗಳಿದ್ದರೂ ಅವು ಬಹು ಸಣ್ಣವು. ಆಹಾರವನ್ನು ಹಿಡಿಯಲು ಉಪಯೋಗವಾದಾವೇ ಹೊರತು ಅಗಿಯಲು ಆಗವು. ಕಣ್ಣಿನ ದೃಷ್ಟಿಯೂ ಅಷ್ಟಕ್ಕಷ್ಟೆ. ವಾಸನೆಯಿಂದಲೂ ನೀರಿನ ಅಲುಗಾಟದಿಂದಲೂ ಹುಳು ಹತ್ತಿರ ಬಂದುದನ್ನು ಅರಿತೊಡನೆ ಅದು ತಟಕ್ಕನೆ ಬಾಯಿ ತೆರೆಯುತ್ತದೆ. ಆ ಸೆಳೆತಕ್ಕೆ ಸುತ್ತಲಿನ ನೀರು ಒಳಕ್ಕೆ ನುಗ್ಗುತ್ತದೆ; ನೀರಿನ ಜೊತೆ ಹುಳುವೂ, ಹುಳುವಿನ ಜೊತೆ ನೆಲದ ಮೇಲಿದ್ದ ಚೂರುಪಾರುಗಳೂ ಹೊಟ್ಟೆ ಸೇರುತ್ತವೆ. ಹೀಗಾಗಿ ಇದರ ಮನೆಯ ನೆಲವೆಂದರೆ ಇದರ ಊಟದ ಎಲೆಯೂ ಹೌದು. ಎಲೆಯ ಮೇಲೆ ಕಲ್ಲಿದ್ದರೆ ಅನ್ನದೊಡನೆ ಕಲ್ಲೂ ಒಳಗೆ ಹೋಗುತ್ತದೆ.

ನುಂಗಿದ ಕಲ್ಲು ಕೆಲವೊಮ್ಮೆ ತಾನಾಗಿ ಹೊರಬೀಳುವುದುಂಟು. “ನಮ್ಮ ತೊಟ್ಟಿಯಲ್ಲಿ ವರ್ಷದಿಂದ ಕಲ್ಲಿದೆ, ಏನೂ ಆಗಿಲ್ಲ” ಎನ್ನುವವರ ಧೈರ್ಯಕ್ಕೆ ಇದೇ ಆಧಾರ. ಆದರೆ ಒಮ್ಮೆ ಕರುಳಿನಲ್ಲಿ ಅದು ಅಡ್ಡವಾಗಿ ನಿಂತಿತೆಂದರೆ ಆಹಾರದ ದಾರಿಯೇ ಮುಚ್ಚಿಹೋಗುತ್ತದೆ. ಹೊಸ ಕಾಲನ್ನು ಬೆಳೆಸಬಲ್ಲ ದೇಹ ಆಗ ನಿರುಪಾಯವಾಗುತ್ತದೆ.

ಬಾಯಿ ನೋಡಿ ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಗಾದೆ. ಆಕ್ಸೊಲಾಟಲಿನ ವಿಷಯದಲ್ಲಿ ಬಾಯಿಯ ಅಳತೆ ನೋಡಿ ಹಾಸಿಗೆ ಹಾಸಬೇಕು. ತೊಟ್ಟಿಯಲ್ಲಿಡುವ ಪ್ರತಿಯೊಂದು ವಸ್ತುವೂ ಒಂದೋ ಸರಾಗವಾಗಿ ಹೊಟ್ಟೆಯಿಂದ ಹೊರಹೋಗುವಷ್ಟು ನುಣ್ಣಗಿರಬೇಕು, ಇಲ್ಲವೇ ನುಂಗಲು ಸಾಧ್ಯವೇ ಆಗದಂತೆ ಪ್ರಾಣಿಯ ತಲೆಗಿಂತ ದೊಡ್ಡದಾಗಿರಬೇಕು. ಇವೆರಡರ ನಡುವಿನ ಗಾತ್ರದ್ದೆಲ್ಲ ಅಪಾಯಕರ. ಅಂಗಡಿಗಳಲ್ಲಿ ಮೀನಿನ ತೊಟ್ಟಿಗೆಂದು ಮಾರುವ ಬಣ್ಣದ ಕಲ್ಲು, ಸಣ್ಣ ಜಲ್ಲಿ, ಶಂಖ ಚಿಪ್ಪುಗಳು, ಮಕ್ಕಳು ಪ್ರೀತಿಯಿಂದ ಹಾಕುವ ಗಾಜಿನ ಗೋಲಿ—ಎಲ್ಲವೂ ಈ ನಡುವಿನ ಗಾತ್ರದವೇ.

ಹಾಗಾದರೆ ಸುರಕ್ಷಿತವಾದುದು ಯಾವುದು? ಮೂರು ದಾರಿಗಳಿವೆ.

ಮೊದಲನೆಯದು ಏನನ್ನೂ ಹಾಸದಿರುವುದು. ಬರಿಯ ಗಾಜಿನ ತಳವನ್ನು ಶುಚಿಮಾಡುವುದು ಸುಲಭ. ನುಂಗಲು ಏನೂ ಇರದು. ಎಳೆಯ ಮರಿಗಳಿಗೆ ಇದೇ ಉತ್ತಮ. ಆದರೆ ಗಾಜು ಜಾರುತ್ತದೆ. ಈಜುವುದಕ್ಕಿಂತ ನೆಲದ ಮೇಲೆ ನಡೆಯುವುದೇ ಹೆಚ್ಚಾದ ಈ ಪ್ರಾಣಿಗೆ ಕಾಲೂರಲು ಹಿಡಿತ ಸಿಗುವುದಿಲ್ಲ.

ಎರಡನೆಯದು ಹಾಸುಗಲ್ಲು. ಹೊಳಪಿಲ್ಲದ, ಅಂಚು ನಯವಾದ ಬಿಲ್ಲೆಗಳನ್ನು ತಳದ ತುಂಬ ಹೊಂದಿಸಿಟ್ಟರೆ ಕಾಲಿಗೆ ಹಿಡಿತವೂ ಸಿಗುತ್ತದೆ, ಹೊಟ್ಟೆಗೆ ಭಯವೂ ಇಲ್ಲ. ಬಿಲ್ಲೆಗಳ ಅಡಿಯಲ್ಲಿ ಕೊಳೆ ಸೇರುವುದರಿಂದ ಆಗಾಗ ಎತ್ತಿ ತೊಳೆಯಬೇಕು. ನಮ್ಮಲ್ಲಿ ಸುಲಭವಾಗಿ ದೊರೆಯುವ ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿಯದು. ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿ ನೀರಿನ ಗುಣವನ್ನು ಬದಲಿಸಬಲ್ಲದು. ಯಾವುದೇ ಕಲ್ಲಿನ ಮೇಲೆ ಎರಡು ಹನಿ ವಿನಿಗರ್ ಹಾಕಿ ನೋಡಿ; ನೊರೆಯೆದ್ದರೆ ಅದನ್ನು ಬಿಟ್ಟುಬಿಡಿ.

ಮೂರನೆಯದು ನುಣ್ಣನೆಯ ಮರಳು. ತವರಿನ ಮೆತ್ತನೆಯ ನೆಲಕ್ಕೆ ಹತ್ತಿರವಾದುದು ಇದೇ. ಆದರೆ ಕಾಳಿನ ಗಾತ್ರ ಒಂದು ಮಿಲಿಮೀಟರಿಗಿಂತ ಕಡಿಮೆಯಿರಬೇಕು. ಪ್ರಾಣಿ ಕನಿಷ್ಠ 12ರಿಂದ 15 ಸೆಂಟಿಮೀಟರ್ ಬೆಳೆದಿರಬೇಕು. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಕೂಡದು. ಬಂಡೆಯನ್ನು ಪುಡಿಮಾಡಿ ತಯಾರಿಸಿದ ಅದರ ಕಾಳುಗಳಿಗೆ ಚೂಪಾದ ಅಂಚುಗಳಿರುತ್ತವೆ. ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು, ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಮಾತ್ರ ಹಾಸಿ, ವಾರಕ್ಕೊಮ್ಮೆ ಮೆಲ್ಲಗೆ ಕೆದಕುತ್ತಿರಬೇಕು. ಹಾಗೆ ಮಾಡದಿದ್ದರೆ ಅಡಿಯಲ್ಲಿ ಕೆಟ್ಟ ಅನಿಲ ಶೇಖರವಾಗುತ್ತದೆ.

ಅಪಾಯದ ಸೂಚನೆ

ಈಗಾಗಲೇ ತೊಟ್ಟಿಯಲ್ಲಿ ಸಣ್ಣ ಕಲ್ಲುಗಳಿದ್ದರೆ ಇಂದೇ ತೆಗೆದುಬಿಡುವುದು ಲೇಸು. ಪ್ರಾಣಿ ಆಹಾರ ಮುಟ್ಟದಿದ್ದರೆ, ಹೊಟ್ಟೆ ಉಬ್ಬಿದ್ದರೆ, ದಿನಗಟ್ಟಲೆ ಮಲವಿಸರ್ಜನೆ ಇಲ್ಲದಿದ್ದರೆ, ತಳದಲ್ಲಿ ನಿಲ್ಲಲಾರದೆ ತೇಲುತ್ತಿದ್ದರೆ ಕಲ್ಲು ಸಿಕ್ಕಿರಬಹುದೆಂದು ಶಂಕಿಸಬೇಕು. ಹೊಟ್ಟೆ ಒತ್ತುವುದು, ಮನೆಮದ್ದು ಕುಡಿಸುವುದು ಸಲ್ಲದು. ಪಶುವೈದ್ಯರಲ್ಲಿ ಕ್ಷಕಿರಣ ಪರೀಕ್ಷೆ ಮಾಡಿಸಿದರೆ ಒಳಗಿನ ಕಲ್ಲು ಸ್ಪಷ್ಟವಾಗಿ ಕಾಣುತ್ತದೆ.

ಹೊಸದಾಗಿ ತರಬಯಸುವವರಿಗೆ ಎರಡು ಮಾತು. 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನ ನೀರು ಇದಕ್ಕೆ ಹಿತ. 24 ಡಿಗ್ರಿ ಮೀರಿದರೆ ನರಳುತ್ತದೆ. ಬೆಂಗಳೂರಿನ ಬೇಸಗೆಯಲ್ಲಿಯೂ ಹಗಲಿನ ಬಿಸಿ 30 ಡಿಗ್ರಿಯನ್ನು ದಾಟುವುದರಿಂದ ನೀರನ್ನು ತಂಪಾಗಿಡುವ ಯಂತ್ರವಿಲ್ಲದೆ ಇದನ್ನು ಸಾಕುವುದು ಹಿಂಸೆಯೇ ಸರಿ. ಎರಡನೆಯದಾಗಿ, 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು.

ಬಣ್ಣದ ಕಲ್ಲಿನ ಸೊಗಸು ನೋಡುವ ನಮ್ಮ ಕಣ್ಣಿಗಷ್ಟೇ. ಹಗಲಿರುಳೂ ಆ ನೆಲದ ಮೇಲೆ ನಡೆದು, ಉಂಡು, ಮಲಗುವುದು ಬೇರೊಂದು ಜೀವ. ತನ್ನ ಸರೋವರವನ್ನು ಮನುಷ್ಯನಿಂದ ಕಳೆದುಕೊಂಡ ಆ ಜೀವಕ್ಕೆ, ಮನುಷ್ಯನೇ ಕಟ್ಟಿಕೊಟ್ಟ ಮನೆಯಲ್ಲಾದರೂ ನಿರ್ಭಯವಾದ ಒಂದು ತುತ್ತು ದೊರೆಯಬೇಡವೇ?