ಹಳೇ ಮೋರಿಸ್‌ಗೆ ಅದರ ಕಾಲದ್ದೇ ಮದ್ದು

37 ಎಚ್‌ಪಿ. 1956ರಲ್ಲಿ ಮಾರುಕಟ್ಟೆಗೆ ಬಂದ ಮೋರಿಸ್ ಮೈನರ್ 1000 ಕಾರಿನ ಎಂಜಿನ್ ಕೊಡ್ತಿದ್ದ ಶಕ್ತಿ ಅಷ್ಟೇ. ಔಟರ್ ರಿಂಗ್ ರೋಡಿನಲ್ಲಿ ನಿಮ್ಮನ್ನು ಸೈಡ್ ಹೊಡೆದು ಹೋಗುವ ಹುಡುಗರ ಬೈಕುಗಳಲ್ಲೇ ಕೆಲವಕ್ಕೆ ಇದಕ್ಕಿಂತ ಹೆಚ್ಚು ಶಕ್ತಿ ಇರುತ್ತೆ. ಆದರೂ ಅದೇ 948 ಸಿಸಿ ಎಂಜಿನ್ ನಾಲ್ಕು ಜನರನ್ನು ಕೂರಿಸಿಕೊಂಡು ಇಂಗ್ಲೆಂಡಿನ ತುಂಬಾ ಓಡಾಡಿದೆ. ಅಲೆಕ್ ಇಸ್ಸಿಗೋನಿಸ್ ವಿನ್ಯಾಸ ಮಾಡಿದ ಈ ಕಾರು ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಲಂಡನ್ ಮೋಟಾರ್ ಶೋನಲ್ಲಿ. ಹತ್ತು ಲಕ್ಷ ಮಾರಾಟವಾದ ಮೊದಲ ಬ್ರಿಟಿಷ್ ಕಾರು ಇದು. ನಮ್ಮ ದೇಶದಲ್ಲೂ ಇದರ ಮೊದಲ ಮಾದರಿ ‘ಬೇಬಿ ಹಿಂದೂಸ್ತಾನ್’ ಅನ್ನೋ ಹೆಸರಲ್ಲಿ ಓಡಾಡಿತ್ತು.

ಕೆಲಸದ ಮೇಲೆ ನಾನಿರೋದು ಆಕ್ಸ್‌ಫರ್ಡ್‌ನಲ್ಲಿ. ಈ ಕಾರು ತಯಾರಾಗ್ತಿದ್ದ ಕೌಲಿ ಇಲ್ಲೇ ಪಕ್ಕ. ಎರಡು ಮನೆ ಆಚೆ ಒಬ್ಬ ಅಜ್ಜಿ ಇದ್ದಾರೆ, ವಯಸ್ಸು 86. ಅವರ ಗಂಡ 1959ರಲ್ಲಿ ಕೊಂಡ ಮೈನರ್, ಅವರು ಹೋದ ಮೇಲೆ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿತ್ತು. ಕಳೆದ ವರ್ಷ ನನಗೆ ಮಾರಿದರು. ಎರಡು ಷರತ್ತು: ಎಂಜಿನ್ ಬದಲಿಸಬಾರದು, ಚಳಿಗಾಲ ಶುರುವಾಗೋ ಮೊದಲು ಇದೇ ಕಾರಿನಲ್ಲಿ ಈವ್‌ಶಮ್‌ನಲ್ಲಿರೋ ಅವರ ಅಕ್ಕನ ಮನೆಗೆ ಕರ್ಕೊಂಡು ಹೋಗಬೇಕು. ಅಕ್ಕನಿಗೆ 91. ಮುಂದಿನ ವರ್ಷ ನೋಡೋಣ ಅನ್ನೋ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ವಿಷಯ ತಿಳಿದ ಅಪ್ಪ ದಾವಣಗೆರೆಯಿಂದ ಫೋನ್ ಮಾಡಿ, “ಏನೋ, ಗುಜರಿ ರಿಪೇರಿ ಮಾಡೋಕೆ ಅಷ್ಟು ದೂರ ಹೋದ್ಯಾ?” ಅಂದರು.

ದಾರಿಯಲ್ಲಿ ಫಿಶ್ ಹಿಲ್ ಅಂತ ಒಂದು ಇಳಿಜಾರಿದೆ. ನಮ್ಮ ಚಾರ್ಮಾಡಿ ಮುಂದೆ ಮಕ್ಕಳಾಟ ಬಿಡಿ. ಆದರೆ ಹಿಂದೆ ಲಾರಿಗಳು ಅಂಟಿಕೊಂಡು ಬರುವಾಗ ಎರಡನೇ ಗೇರಿನಲ್ಲಿ ನರಳುತ್ತಾ ಏರೋದು ಸುಖದ ಮಾತಲ್ಲ. ಹೋಗುವಾಗ ಅದನ್ನು ಇಳೀಬೇಕು, ಬರುವಾಗ ಹತ್ತಬೇಕು. ಅಂದರೆ ಹೋಗೋಕೆ ಬ್ರೇಕ್, ಬರೋಕೆ ಎಂಜಿನ್.

ಮೊದಲು ಅಳತೆ. ಸಾಫ್ಟ್‌ವೇರಿನವರಿಗೆ ಇದನ್ನು ಹೇಳಬೇಕಿಲ್ಲ. ನಿಧಾನ ಎಲ್ಲಿದೆ ಅಂತ ಗೊತ್ತಾಗದೆ ಕೋಡ್ ಮುಟ್ಟಬಾರದು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಗೇಜ್ ಹಾಕಿ ನೋಡಿದೆ, ಸಮವಾಗಿತ್ತು. ವಾಲ್ವ್ ಗ್ಯಾಪ್ ಇಂಚಿನ ಸಾವಿರದ 12 ಭಾಗ ಇರಬೇಕು, ಹೊಂದಿಸಿದೆ. ಪಾಯಿಂಟ್, ಪ್ಲಗ್, ಟೈಮಿಂಗ್ ಸರಿ ಮಾಡಿದ್ದಕ್ಕೇ ಕಾರು ಅರ್ಧ ಚೇತರಿಸಿಕೊಂಡಿತು. ಹಳೇ ಕಾರಿಗೆ ‘ಪವರ್ ಇಲ್ಲ’ ಅನ್ನೋ ದೂರಿನಲ್ಲಿ ಬಹುಪಾಲು ಇಲ್ಲೇ ತೀರುತ್ತೆ ಅನ್ನೋದು ನನ್ನ ಅಭಿಪ್ರಾಯ.

ಉಳಿದದ್ದು ಉಸಿರಾಟದ ಸಮಸ್ಯೆ. ಈ ‘ಎ ಸೀರೀಸ್’ ಎಂಜಿನ್ನಿನ ಹೆಡ್‌ನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ದಾರಿ ಎರಡೇ. ಒಂದನೇ ಮತ್ತು ಎರಡನೇ ಸಿಲಿಂಡರಿಗೆ ಒಂದು ಬಾಗಿಲು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಹೊಗೆ ಹೊರಹೋಗೋಕೆ ಮೂರು ದಾರಿ. ನಡುವಿನ ಎರಡು ಸಿಲಿಂಡರ್ ಒಂದನ್ನೇ ಹಂಚಿಕೊಳ್ಳುತ್ತವೆ. ಕಿಡಿ ಹೊತ್ತುವ ಕ್ರಮ 1-3-4-2. ಹಾಗಾಗಿ ಬಾಗಿಲು ಹಂಚಿಕೊಂಡ ಎರಡೂ ಬೆನ್ನುಬೆನ್ನಿಗೆ ಉಸಿರೆಳೆಯುತ್ತವೆ, ಒಂದು ಇನ್ನೊಂದರ ಪಾಲನ್ನು ಕದಿಯುತ್ತೆ. ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂತ ಅಣ್ಣತಮ್ಮಂದಿರ ಕಥೆ! ಕಂಪನಿ ಕೊಟ್ಟಿದ್ದು ಒಂದೇ ಒಂದು ಎಸ್‌ಯು ಕಾರ್ಬುರೇಟರ್.

ಇದು ಅರವತ್ತರ ದಶಕದ ಹುಡುಗರಿಗೂ ಗೊತ್ತಿತ್ತು. ಆಗ ಇಂಗ್ಲೆಂಡಿನಲ್ಲಿ ಇದೇ ಎಂಜಿನ್ನಿಗೆ ಚುರುಕು ತುಂಬೋ ಅಂಗಡಿಗಳದ್ದೇ ಒಂದು ಲೋಕ. ರೇಸರ್ ಗ್ರಹಾಂ ಹಿಲ್ ಇದ್ದ ಸ್ಪೀಡ್‌ವೆಲ್, ಡೇನಿಯಲ್ ರಿಚ್ಮಂಡ್ ಅವರ ಡೌನ್‌ಟನ್, ಕಿಂಗ್‌ಸ್ಟನ್ನಿನ ಡೆರಿಂಗ್ಟನ್. ಶಾರಾಕ್ ಕಂಪನಿಯ ಸೂಪರ್‌ಚಾರ್ಜರ್ ಕೂಡ ಸಿಗ್ತಿತ್ತು. ಆ ಕಾಲದ್ದು ಅನ್ನೋ ಕಾರಣಕ್ಕೆ ಎಲ್ಲವೂ ಒಳ್ಳೇದಲ್ಲ. ಮೂರೇ ಬೇರಿಂಗ್ ಮೇಲೆ ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಈ ವಯಸ್ಸಲ್ಲಿ ಸೂಪರ್‌ಚಾರ್ಜರ್ ಹೊರೆ ಹಾಕೋದು ನನಗಂತೂ ಒಪ್ಪಿಗೆ ಇಲ್ಲ.

ಕಾರಿನ ಜೊತೆ ಅಜ್ಜಿ ಒಂದು ಬಿಸ್ಕತ್ ಡಬ್ಬಿಯನ್ನೂ ಕೊಟ್ಟಿದ್ದರು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಜೋಡಿ ಎಸ್‌ಯು ಕಾರ್ಬುರೇಟರ್. ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನವು. 1958ರಲ್ಲಿ ಬಂದ ಆ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಇದ್ದದ್ದೂ ಇದೇ 948 ಸಿಸಿ ಎಂಜಿನ್. ಜೋಡಿ ಕಾರ್ಬುರೇಟರ್, ಕೆಲವು ಸಣ್ಣ ಬದಲಾವಣೆ ಸೇರಿ 43 ಎಚ್‌ಪಿ ಕೊಡ್ತಿತ್ತು. “ಅವನು ಹಾಕ್ತೀನಿ ಅಂತಿದ್ದ. ಮನೆ ಸಾಲ ತೀರಲಿ ಅಂತ ನಾನೇ ತಡೆದೆ,” ಅಂದರು ಅಜ್ಜಿ. ಹಾಗಾಗಿ ಯಾವುದನ್ನು ಹಾಕಬೇಕು ಅನ್ನೋದನ್ನು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ.

ಎರಡು ಎಸ್‌ಯುಗಳನ್ನು ಹೊಂದಿಸೋದು ಒಂದು ಚಂದದ ಕೆಲಸ. ಒಳಗೆ ಒಂದು ಪಿಸ್ಟನ್, ಅದರ ತುದಿಗೆ ಚೂಪಾಗುತ್ತಾ ಹೋಗುವ ಸೂಜಿ. ಎಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತೆ, ಸೂಜಿಯೂ ಎದ್ದು ಪೆಟ್ರೋಲಿಗೆ ದಾರಿ ಅಗಲವಾಗುತ್ತೆ. ಎರಡೂ ಸಮ ಎಳೀತಿವೆಯಾ ಅಂತ ತಿಳಿಯೋಕೆ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ. ಎರಡರಲ್ಲೂ ‘ಹಿಸ್’ ಒಂದೇ ಥರ ಕೇಳಿಸೋವರೆಗೆ ಸ್ಕ್ರೂ ತಿರುಗಿಸ್ತಾ ಇರಬೇಕು. ಡಾಕ್ಟರ ಸ್ಟೆತಸ್ಕೋಪ್ ಥರಾನೇ. ಎರಡು ಭಾನುವಾರ ಇದಕ್ಕೇ ಹೋಯ್ತು, ಬೇಜಾರಿಲ್ಲ.

ಆಮೇಲೆ ಹೆಡ್. ಮೊದಲಿದ್ದ ಹೆಡ್ ಅನ್ನೇ ಕೆರೆದು, ಬಾಗಿಲು ಅಗಲ ಮಾಡಿಸಬಹುದಿತ್ತು. ಆದರೆ ಕೆರೆದ ಲೋಹ ವಾಪಸ್ ಬರಲ್ಲ. ಹಳೇ ಬಿಡಿಭಾಗಗಳ ಸಂತೆಯಲ್ಲಿ ‘12ಜಿ295’ ಅಂತ ಅಚ್ಚಿದ್ದ ಇನ್ನೊಂದು ಹೆಡ್ ಹುಡುಕಿದೆ. ಅರವತ್ತರ ದಶಕದ ಮಿನಿ ಕೂಪರ್ 998ರಲ್ಲಿ ಇದ್ದದ್ದು. ಇದರ ಒಳಬರುವ ವಾಲ್ವ್ ದೊಡ್ಡದು. ಉರಿಯುವ ಕೋಣೆಯೂ ಸ್ವಲ್ಪ ದೊಡ್ಡದಾದ್ದರಿಂದ 948ಕ್ಕೆ ಹಾಗೇ ಕೂರಿಸಿದರೆ ಕಂಪ್ರೆಷನ್ ಇಳಿಯುತ್ತೆ. ಅಳೆದು, ಬೇಕಾದಷ್ಟೇ ಕೆರೆಸಿದ್ದು ಈ ಹೆಡ್ಡನ್ನ. ಕೆಲವರು 1275 ಸಿಸಿ ಎಂಜಿನ್ನಿನ ಹೆಡ್ ಹಾಕು ಅಂದರು. ಅದರ ವಾಲ್ವ್ ಸಣ್ಣ ಬೋರಿನ ಬ್ಲಾಕಿಗೆ ಬಡಿಯುತ್ತೆ. ಬ್ಲಾಕನ್ನೇ ಕೊರೆದು ಜಾಗ ಮಾಡಬೇಕು. ಅಜ್ಜಿಯ ಷರತ್ತು ಅಲ್ಲಿಗೆ ಮುರಿದ ಹಾಗೆ.

ಇಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತಿದ್ದು 2000ದಲ್ಲಿ. ಸೀಸ ಇಲ್ಲದೆ ಹಳೇ ಬೀಡಿನ ವಾಲ್ವ್ ಸೀಟುಗಳು ಸವೆಯುತ್ತವೆ, ಅದಕ್ಕೆ ಗಟ್ಟಿ ಲೋಹದ ಸೀಟ್ ಕೂರಿಸಿದೆ. ಇದೊಂದು ಆ ಕಾಲದ್ದಲ್ಲ, ಬೇರೆ ದಾರಿಯೂ ಇಲ್ಲ. ಎಥನಾಲಿಗೆ ತಡೆಯುವ ಪೆಟ್ರೋಲ್ ಪೈಪ್ ಕೂಡ ಹೊಸದೇ. 2021ರಿಂದ ಇಲ್ಲಿ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇರುತ್ತೆ. ಊರಲ್ಲಿ ಈಗ ಶೇ. 20. ಮನೆಯಲ್ಲಿ ಹಳೇ ಫಿಯಟ್ಟೋ ಅಂಬಾಸಿಡರ್ರೋ ಇದ್ದರೆ ರಬ್ಬರ್ ಪೈಪುಗಳನ್ನು ಇವತ್ತೇ ಒಮ್ಮೆ ನೋಡಿ.

ಬ್ರೇಕ್ ವಿಷಯ ಚಿಕ್ಕದು, ಆದರೆ ಎಲ್ಲಕ್ಕಿಂತ ಮುಖ್ಯ. ಈ ಕಾರಿನದು 7 ಇಂಚಿನ ಡ್ರಮ್. 1962ರಲ್ಲಿ 1098 ಸಿಸಿ ಮೈನರ್ ಬಂದಾಗ ಕಂಪನಿಯೇ ಮುಂದಿನ ಡ್ರಮ್ಮನ್ನು 8 ಇಂಚಿಗೆ ಏರಿಸಿತ್ತು. ಅದನ್ನೇ ತಂದು ಹಾಕಿದೆ. ಎಂಜಿನ್ ಕೆಲಸಕ್ಕಿಂತ ಮೊದಲು. ಇನ್ಶೂರೆನ್ಸಿನವರಿಗೂ ಪ್ರತಿಯೊಂದನ್ನೂ ಬರೆದು ತಿಳಿಸಿದೆ.

ಅಕ್ಟೋಬರ್ ಎರಡನೇ ಶನಿವಾರ ಹೊರಟೆವು. ಫಿಶ್ ಹಿಲ್ ಇಳಿಯುವಾಗ ಮೂರನೇ ಗೇರ್, ಬ್ರೇಕಿನ ವಾಸನೆ ಬರಲಿಲ್ಲ. ಈವ್‌ಶಮ್‌ನಲ್ಲಿ ಅಕ್ಕತಂಗಿ ಟೀ ಕುಡಿಯುತ್ತಾ ಕೂತಿದ್ದಾಗ ನಾನು ಹೊರಗೆ ಪ್ಲಗ್ ಬಿಚ್ಚಿ ನೋಡಿದೆ: ಮೂರು ಕಂದು, ಹಿಂದಿನದೊಂದು ಸ್ವಲ್ಪ ಕಪ್ಪು. ಪೆಟ್ರೋಲ್ ಜಾಸ್ತಿ. ಹಿಂದಿನ ಕಾರ್ಬುರೇಟರಿನ ನಟ್ ಒಂದು ಮೂಲೆ ತಿರುಗಿಸಿದೆ. ಅಕ್ಕ ಕಿಟಕಿಯಿಂದಲೇ, “ಆಗಲೂ ಹೀಗೇ, ನಾವು ಟೀಗೆ ಕರೆದರೆ ಅವನು ಬಾನೆಟ್ ಒಳಗಿರ್ತಿದ್ದ,” ಅಂದರು.

ವಾಪಸ್ ಬರುವಾಗ ಏರು ಶುರುವಾಯ್ತು. ಅಜ್ಜಿಯ ಕಣ್ಣು ನನ್ನ ಎಡಗೈ ಮೇಲೆ. ಅವರ ಗಂಡ ಎರಡನೇ ಗೇರಿಗೆ ಇಳಿಸ್ತಿದ್ದ ತಿರುವು ಬಂತು. ಕೈ ಗೇರ್ ಲಿವರ್ ಮೇಲೇ ಇಟ್ಟಿದ್ದೆ, ಅಲ್ಲಾಡಿಸಲಿಲ್ಲ. ಮೂರರಲ್ಲೇ ಮೇಲೆ ಬಂದೆವು. “ಅವನಿಗೆ ಆಗಲೇ ಹಾಕೋಕೆ ಬಿಡಬೇಕಿತ್ತು,” ಅಂದರು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, ಕ್ರಿಸ್‌ಮಸ್‌ಗೆ ಅಕ್ಕನನ್ನು ಕರ್ಕೊಂಡು ಬರೋಕೆ ಈ ಕಾರಿಗೆ ಹೀಟರ್ ಸರಿ ಮಾಡಿಸೋಕೆ ಎಷ್ಟಾಗುತ್ತೆ ಅಂತ ಕೇಳಿದರು.