ವಿತರಿತ ಗಣಕ ವ್ಯವಸ್ಥೆಯಲ್ಲಿ ಮೊಬೈಲ್ ಏಜೆಂಟ್: ಬಳಕೆಗೆ ಬರುತ್ತದೆಯೇ?

ಪ್ರಾಜೆಕ್ಟ್‌ಗೆ ಮೊಬೈಲ್ ಏಜೆಂಟ್ ತಗೋಬಹುದಾ ಅಂತ ಕೆಲವರು ಕೇಳಿದ್ದೀರಿ. ಒಂದು ಸೆಮಿಸ್ಟರಿನ ದುಡಿಮೆಯ ಪ್ರಶ್ನೆ, ಹಾಗಾಗಿ ನೇರವಾಗಿ ಹೇಳ್ತೇನೆ.

ಮೊಬೈಲ್ ಏಜೆಂಟ್ ಎಂದರೆ ಕೆಲಸದ ನಡುವೆಯೇ ನಿಂತು, ತನ್ನ ಕೋಡನ್ನೂ ಅದುವರೆಗಿನ ಸ್ಥಿತಿಯನ್ನೂ ಹೊತ್ತು ಬೇರೆ ಯಂತ್ರಕ್ಕೆ ಹೋಗಿ, ಅಲ್ಲಿ ಮುಂದುವರಿಯುವ ಪ್ರೋಗ್ರಾಂ. 1990ರ ದಶಕದಲ್ಲಿ ಜನರಲ್ ಮ್ಯಾಜಿಕ್ ಕಂಪನಿ ಇದಕ್ಕಾಗಿ ಟೆಲಿಸ್ಕ್ರಿಪ್ಟ್ ಭಾಷೆಯನ್ನೇ ರೂಪಿಸಿತು. ಐಬಿಎಂನ ಟೋಕಿಯೊ ಪ್ರಯೋಗಾಲಯ ಜಾವಾದಲ್ಲಿ ಆಗ್ಲೆಟ್ಸ್ ಕಟ್ಟಿತು. 1999ರಲ್ಲಿ ಡ್ಯಾನಿ ಲಾಂಗೆ, ಮಿತ್ಸುರು ಒಶಿಮಾ ಇದರ ಪರವಾಗಿ ಏಳು ಕಾರಣ ಕೊಟ್ಟರು. 2004ರಲ್ಲಿ ಜೊವಾನಿ ವಿನ್ಯಾ ಇದು ಸೋತದ್ದಕ್ಕೆ ಹತ್ತು ಕಾರಣ ಬರೆದರು.

ಲಾಭ ಸುಳ್ಳಲ್ಲ. ಒಂದು ವಿನಂತಿ ಹೋಗಿ ಬರಲು 200 ಮಿಲಿಸೆಕೆಂಡ್ ಹಿಡಿದರೆ, ಒಂದರ ಹಿಂದೊಂದು 1000 ವಿನಂತಿಗೆ 200 ಸೆಕೆಂಡ್. ಏಜೆಂಟ್ ಒಮ್ಮೆ ಹೋಗಿ ಅಲ್ಲೇ ಕೆಲಸ ಮುಗಿಸುತ್ತದೆ. ಆದರೆ ನೋಡಿ, ಸರಿಯಾಗಿ ಬರೆದ ಒಂದು ಎಸ್‌ಕ್ಯುಎಲ್ ಪ್ರಶ್ನೆಯೂ ಅದನ್ನೇ ಮಾಡುತ್ತದೆ. ಈಗ ತಾಳವಾಡಿಯಿಂದ ಸೇರಿದವರ ಧ್ವನಿ ಎರಡು ಸಲ ಕಡಿಯಿತಲ್ಲ, ಅಂಥ ಕಡೆ ಏಜೆಂಟ್ ಒಳ್ಳೆಯದು ಅನ್ನಿಸಬಹುದು. ಅದಕ್ಕೂ ಮೆಸೇಜ್ ಕ್ಯೂ ಸಾಕು.

ನಿಜವಾದ ತೊಡಕು ನಂಬಿಕೆಯದು. ಬಂದ ಏಜೆಂಟ್‌ನಿಂದ ಯಂತ್ರವನ್ನು ಕಾಪಾಡಲು ಸ್ಯಾಂಡ್‌ಬಾಕ್ಸ್ ಇದೆ. ಯಂತ್ರದಿಂದ ಏಜೆಂಟನ್ನು ಕಾಪಾಡುವವರು ಯಾರು? ವಿಮಾನದ ಟಿಕೆಟ್ ಕೊಳ್ಳಲು ಹೋದ ಏಜೆಂಟ್ ತನ್ನ ಗರಿಷ್ಠ ಬೆಲೆಯನ್ನು ಜೊತೆಗೇ ಒಯ್ದಿರುತ್ತದೆ. ಅದನ್ನು ಓಡಿಸುವ ಯಂತ್ರವೇ ಮೆಮೊರಿ ತೆರೆದು ಓದಬಹುದು, ತಿದ್ದಬಹುದು. ಜೇಬು ತೋರಿಸಿಕೊಂಡೇ ಚೌಕಾಸಿಗೆ ಕೂತ ಹಾಗೆ. ಗೂಢಲಿಪೀಕರಿಸಿದ ರೂಪದಲ್ಲೇ ಕೋಡ್ ಓಡಿಸುವ ದಾರಿಯನ್ನು 1998ರಲ್ಲಿ ಸ್ಯಾಂಡರ್ ಮತ್ತು ಟ್ಶುಡಿನ್ ತೋರಿಸಿದರು. ಆದರೆ ಎಲ್ಲ ಬಗೆಯ ಕೋಡಿಗೂ ಅದು ಒಗ್ಗಲಿಲ್ಲ.

ಹಾಗಂತ ಕಲ್ಪನೆ ಸತ್ತಿಲ್ಲ. ಬ್ರೌಸರಿಗೆ ಬರುವ ಜಾವಾಸ್ಕ್ರಿಪ್ಟ್, ದತ್ತಾಂಶ ಇರುವಲ್ಲಿಗೇ ಲೆಕ್ಕವನ್ನು ಕಳಿಸುವ ಮ್ಯಾಪ್‌ರೆಡ್ಯೂಸ್, ಓಡುತ್ತಿರುವಾಗಲೇ ಸ್ಥಳಾಂತರವಾಗುವ ವರ್ಚುವಲ್ ಮೆಷಿನ್, ಇವೆಲ್ಲ ಕೋಡಿನ ಚಲನೆಯೇ. ಮೊದಲನೆಯದು ಗುಟ್ಟು ಹೊತ್ತು ಊರೂರು ಅಲೆಯುವುದಿಲ್ಲ. ಉಳಿದೆರಡರಲ್ಲಿ ಯಂತ್ರಗಳೆಲ್ಲ ಸಾಮಾನ್ಯವಾಗಿ ಒಂದೇ ಆಡಳಿತದವು.

ಹಾಗಾಗಿ ನನ್ನ ಉತ್ತರ ಇಷ್ಟು: ಯಂತ್ರಗಳೆಲ್ಲ ನಿಮ್ಮವೇ ಆಗಿದ್ದು, ಸರಳ ಉಪಾಯ ಸಾಲದಿದ್ದರೆ ಮಾತ್ರ ತಗೊಳ್ಳಿ. ಅಪರಿಚಿತ ಯಂತ್ರಗಳ ನಡುವೆ ಬೇಡ. ಇನ್ನು ಪ್ರಶ್ನೆ ಇದ್ದರೆ ಕೇಳಿ.